ಬೀರುವಿನ ಕ್ಯಾಸೆಟ್ಟು: ಕಾಪಿಡುವ ಅಳತೆ, ಹಂಚುವ ಅಳತೆ

ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿ ಸುತ್ತಿನ ಅಡಿಕೆ ತೋಟದ ಮನೆಗಳಲ್ಲಿ ಹಳೆಯ ಬೀರು ತೆಗೆಸಿದರೆ, ರೇಷ್ಮೆ ಸೀರೆಗಳ ಕೆಳಗೋ ಪಹಣಿ ಕಾಗದಗಳ ಪಕ್ಕದಲ್ಲೋ ವಿಎಚ್‌ಎಸ್ ಎಂಬ ಕಪ್ಪು ವಿಡಿಯೊ ಕ್ಯಾಸೆಟ್ಟುಗಳು ಸಿಗುವುದುಂಟು. ಬೆನ್ನಿನ ಚೀಟಿಯ ಮೇಲೆ ಮದುವೆಯ ತಾರೀಕು, ಗಂಡು ಹೆಣ್ಣಿನ ಹೆಸರು, ಹೊಸದುರ್ಗದ್ದೋ ಚಿತ್ರದುರ್ಗದ್ದೋ ಸ್ಟುಡಿಯೊದ ಮೊಹರು. ದೇಶದಲ್ಲಿ ಬಣ್ಣದ ಟಿವಿ ಬಂದದ್ದು 1982ರಲ್ಲಿ. ಅದರ ಬೆನ್ನಿಗೇ ವಿಸಿಆರ್ ಬಂತು, ಆಮೇಲೆ ಚಪ್ಪರದೊಳಗೆ ಕಣ್ಣು ಕುಕ್ಕುವ ಸನ್‌ಗನ್ ದೀಪ ಹಿಡಿದು ವಿಡಿಯೊದವರು ಬಂದರು. 2000ದ ದಶಕದ ಮಧ್ಯದವರೆಗೂ ನಮ್ಮ ಚಿತ್ರದುರ್ಗ ಜಿಲ್ಲೆಯ ಮದುವೆ, ಗೃಹಪ್ರವೇಶ, ಜಾತ್ರೆ, ನಾಟಕಗಳೆಲ್ಲ ಈ ಟೇಪಿನ ಮೇಲೆಯೇ ಉಳಿದವು.

ಈಗ ಅವನ್ನು ಪೆನ್‌ಡ್ರೈವಿಗೆ ಹಾಕಿಸುವ ಭರಾಟೆ ನಡೆದಿದೆ. ಒಳ್ಳೆಯದೇ. ಆದರೆ ಅಂಗಡಿಯಿಂದ ಬಂದ ಫೈಲನ್ನು ದೊಡ್ಡ ಟಿವಿಗೆ ಚುಚ್ಚಿ ನೋಡಿದಾಗ ಅಜ್ಜಿಯ ಮುಖ ಅಗಲವಾಗಿರುತ್ತದೆ, ಧಾರೆ ಎರೆಯುವ ಕೈ ಅಲುಗಿದಾಗ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಏಳುತ್ತವೆ, ಸೋಬಾನೆ ಪದ ಹೇಳುವವರ ತುಟಿಯೇ ಒಂದು ಕಡೆ, ದನಿಯೇ ಒಂದು ಕಡೆ. ಮನೆಯವರು ಟೇಪು ಹಾಳಾಗಿದೆ ಎಂದುಕೊಂಡು ಕ್ಯಾಸೆಟ್ಟನ್ನು ಗುಜರಿಗೆ ಹಾಕುತ್ತಾರೆ. ಬಹಳ ಸಲ ಟೇಪು ಚೆನ್ನಾಗಿಯೇ ಇರುತ್ತದೆ. ಹಾಳಾಗಿರುವುದು ಆಯ್ದ ಅಳತೆ, ಆಯ್ದ ಕೋಡೆಕ್ (ಚಿತ್ರವನ್ನು ಕುಗ್ಗಿಸಿ ಬರೆಯುವ ವಿಧಾನ).

ಒಂದು ಕ್ಯಾಸೆಟ್ಟಿನಿಂದ ಎರಡು ಪ್ರತಿ ಮಾಡಿಸಬೇಕು ಎಂಬುದೇ ಈ ಲೇಖನದ ಒಟ್ಟು ಮಾತು. ಒಂದು ಕಾಪಿಡುವ ಪ್ರತಿ. ಟೇಪಿನಲ್ಲಿ ಏನಿದೆಯೋ ಅದು, ಅದೇ ಅಳತೆಯಲ್ಲಿ, ಏನನ್ನೂ ತಿದ್ದದೆ. ಇನ್ನೊಂದು ನೋಡುವ ಪ್ರತಿ. ಮೊಬೈಲಿಗೆ, ಟಿವಿಗೆ, ನೆಂಟರ ವಾಟ್ಸ್‌ಆ್ಯಪಿಗೆ. ಮೊದಲನೆಯದರಿಂದ ಎರಡನೆಯದನ್ನು ಯಾವಾಗ ಬೇಕಾದರೂ ತೆಗೆಯಬಹುದು. ಎರಡನೆಯದರಿಂದ ಮೊದಲನೆಯದನ್ನು ಯಾರಿಂದಲೂ ತರಲಾಗದು.

ಟೇಪಿನಲ್ಲಿ ಇರುವುದೇನು

ಮದುವೆ ಕ್ಯಾಸೆಟ್ಟಿಗೆ ಇಷ್ಟು ಕಾಳಜಿ ಯಾಕೆ ಎಂದು ಕೇಳುವವರಿದ್ದಾರೆ. ಹಿರಿಯೂರಿನ ವಾಣಿವಿಲಾಸ ಸಾಗರವನ್ನೇ ನೋಡಿ. ನಮ್ಮವರ ಬಾಯಲ್ಲಿ ಮಾರಿಕಣಿವೆ. 1933ರಲ್ಲಿ ಕೋಡಿ ಬಿದ್ದ ಮೇಲೆ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ವಿಡಿಯೊ ಕ್ಯಾಸೆಟ್ಟಿನ ಕಾಲ ಪೂರ್ತಿ ಆ 89 ವರ್ಷಗಳ ಒಳಗೇ ಹುಟ್ಟಿ ಮುಗಿಯಿತು. ಆ ದಿನಗಳಲ್ಲಿ ಅಣೆಕಟ್ಟೆ ನೋಡಲು ಹೋದ ಮದುವೆ ಮಂದಿ ನಗುತ್ತಾ ನಿಂತು ತೆಗೆಸಿಕೊಂಡ ಐದು ನಿಮಿಷದ ತುಣುಕಿನಲ್ಲಿ ಹಿಂದೆ ಕಾಣುವ ಒಣ ದಂಡೆ, ಬಂಡೆ, ಜಾಲಿ ಗಿಡಗಳು ಬರಗಾಲದ ಚಿತ್ರದುರ್ಗದ ದಾಖಲೆ. ತೆಗೆದವರಿಗೆ ಅದು ದಾಖಲೆ ಎಂಬುದು ಗೊತ್ತಿರಲಿಲ್ಲ.

ಮದುವೆಯ ಟೇಪಿನಲ್ಲಿ ಹಾಡು ಇದೆ. ಹಸೆಮಣೆಯ ಸುತ್ತ ನಿಂತು ಸೋಬಾನೆ ಹೇಳಿದ ಹೆಂಗಸರಲ್ಲಿ ಎಷ್ಟೋ ಮಂದಿ ಈಗಿಲ್ಲ. ಅವರ ಪದಗಳನ್ನು ಯಾರೂ ಬರೆದಿಟ್ಟಿಲ್ಲ. ಜಾತ್ರೆಯ ಟೇಪಿನಲ್ಲಿ ಉರುಮೆ, ನಂದಿಕೋಲು, ವೀರಗಾಸೆ ಇವೆ. ರಾಮಗಿರಿಯ ಕರಿಸಿದ್ದೇಶ್ವರ ಬೆಟ್ಟದ ಮೆಟ್ಟಿಲು ಹತ್ತಿದ ಭಕ್ತರ ಸಾಲು ಇದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಶಿವಸಂಚಾರ ಹೊರಟು ಊರೂರಿಗೆ ನಾಟಕ ಒಯ್ದ ಕಾಲವೂ ಹಳ್ಳಿಗಳಿಗೆ ಹ್ಯಾಂಡಿಕ್ಯಾಮ್ ಬಂದ ಕಾಲವೂ ಒಂದೇ. ಊರಿನ ಯಾರೋ ಹುಡುಗ ಅವತ್ತಿನ ರಾತ್ರಿ ಅರ್ಧ ಗಂಟೆ ತೆಗೆದಿದ್ದರೆ ಅದೂ ರಂಗಭೂಮಿಯ ಚರಿತ್ರೆಯ ಒಂದು ಹಾಳೆ.

ದೊಡ್ಡ ಪ್ರಮಾಣದಲ್ಲಿ ಈ ಕೆಲಸ ಮಾಡಿದವರು ನಮ್ಮ ನಾಡಿನಲ್ಲೇ ಇದ್ದಾರೆ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ ಜನಪದ ಕಲಾವಿದರ ಹಾಡು, ಕುಣಿತಗಳನ್ನು ದನಿಯಲ್ಲೂ ದೃಶ್ಯದಲ್ಲೂ ಕೂಡಿಟ್ಟಿತು. 1990ರಲ್ಲಿ ತುಳುನಾಡಿನ ಗೋಪಾಲ ನಾಯ್ಕರು ಹೇಳಿದ ಸಿರಿ ಸಂಧಿ ಎಂಬ ಮೌಖಿಕ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರು ಸೇರಿ ದಾಖಲಿಸಿದಾಗ ಬರೀ ಶಬ್ದವನ್ನು ಹಿಡಿದು ಸುಮ್ಮನಾಗಲಿಲ್ಲ, ವಿಡಿಯೊ ಕ್ಯಾಮೆರಾವನ್ನೂ ಇಟ್ಟರು. ಹೇಳುವವರ ಕೈ, ಮುಖ, ಉಸಿರು ಎಲ್ಲವೂ ಕಾವ್ಯದ ಭಾಗ ಎಂದು ಅವರು ತಿಳಿದಿದ್ದರು. ಅಂಥ ಸಾಮಗ್ರಿ ನಮ್ಮ ಮನೆಗಳ ಬೀರುವಿನಲ್ಲಿಯೂ ಬಿಡಿಬಿಡಿಯಾಗಿ ಬಿದ್ದಿದೆ.

ಸೆಕೆಂಡಿಗೆ ಐವತ್ತು ಅರ್ಧ ಚಿತ್ರ

ಅಳತೆ ಆಯಲು ಟೇಪಿನ ಸ್ವಭಾವ ಗೊತ್ತಿರಬೇಕು. ನಮ್ಮ ದೇಶ ಒಪ್ಪಿಕೊಂಡದ್ದು ಪಾಲ್ ಪದ್ಧತಿ. ಇದರಲ್ಲಿ ಒಂದು ಚಿತ್ರಕ್ಕೆ 625 ಸಾಲು. ಕಣ್ಣಿಗೆ ಕಾಣುವ ಚಿತ್ರ ಇರುವುದು 576 ಸಾಲುಗಳಲ್ಲಿ. ಸೆಕೆಂಡಿಗೆ 25 ಫ್ರೇಮು. ಆದರೆ ಪ್ರತಿ ಫ್ರೇಮೂ ಒಟ್ಟಿಗೆ ಬರುವುದಿಲ್ಲ. ಮೊದಲು ಒಂದು ಬಿಟ್ಟು ಒಂದು ಸಾಲು, ಆಮೇಲೆ ನಡುವೆ ಉಳಿದ ಸಾಲುಗಳು. ಈ ಅರ್ಧ ಚಿತ್ರಕ್ಕೆ ಫೀಲ್ಡ್ ಎನ್ನುತ್ತಾರೆ. ಸೆಕೆಂಡಿಗೆ 50 ಫೀಲ್ಡ್, ನಮ್ಮ ಕರೆಂಟಿನ 50 ಹರ್ಟ್ಸ್‌ಗೆ ಸರಿಹೊಂದುವ ಲೆಕ್ಕ.

ಇಲ್ಲಿ ಮುಖ್ಯವಾದ ಸಂಗತಿ: ಎರಡು ಫೀಲ್ಡುಗಳು ಒಂದೇ ಕ್ಷಣದವಲ್ಲ. ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಮುಂದೆ ಹಿಂದೆ ಇರುತ್ತವೆ. ವೀರಗಾಸೆಯವರು ಕತ್ತಿ ಬೀಸಿದಾಗ ಮೊದಲ ಫೀಲ್ಡಿನಲ್ಲಿ ಕತ್ತಿ ಒಂದು ಕಡೆ, ಎರಡನೆಯದರಲ್ಲಿ ಸ್ವಲ್ಪ ಮುಂದೆ. ಹಳೆಯ ದಪ್ಪ ಟಿವಿಗಳು ಇವನ್ನು ಒಂದಾದ ಮೇಲೊಂದು ತೋರಿಸುತ್ತಿದ್ದವು, ಕುಣಿತ ನೀರು ಹರಿದಂತೆ ಕಾಣುತ್ತಿತ್ತು. ಇಂದಿನ ಟಿವಿ, ಮೊಬೈಲುಗಳು ಇಡೀ ಚಿತ್ರವನ್ನು ಒಮ್ಮೆಗೇ ತೋರಿಸುವ ಜಾತಿಯವು. ಎರಡು ಕ್ಷಣದ ಸಾಲುಗಳನ್ನು ಒಟ್ಟಿಗೇ ಹೆಣೆದು ತೋರಿಸಿದರೆ ಅಲುಗಿದ್ದೆಲ್ಲ ಬಾಚಣಿಗೆಯ ಹಲ್ಲಾಗುತ್ತದೆ.

ಇದನ್ನು ಬಿಡಿಸುವ ಕೆಲಸಕ್ಕೆ ಡಿ-ಇಂಟರ್‌ಲೇಸ್ ಎನ್ನುತ್ತಾರೆ. ಎರಡು ದಾರಿಗಳಿವೆ. ಪ್ರತಿ ಫೀಲ್ಡಿನಿಂದಲೂ ಒಂದೊಂದು ಪೂರ್ಣ ಫ್ರೇಮು ಕಟ್ಟಿದರೆ ಸೆಕೆಂಡಿಗೆ 50 ಫ್ರೇಮು ಬರುತ್ತದೆ, ಚಲನೆ ಹಾಗೇ ಉಳಿಯುತ್ತದೆ. ಎರಡನ್ನು ಸೇರಿಸಿ ಒಂದು ಮಾಡಿದರೆ 25 ಫ್ರೇಮು. ಅಂದರೆ ಕ್ಯಾಮೆರಾ ಕಂಡ ಕ್ಷಣಗಳಲ್ಲಿ ಅರ್ಧ ಹೋಯಿತು. ಮನೆಮಂದಿ ಸಾಲಾಗಿ ನಿಂತ ದೃಶ್ಯಕ್ಕೆ ಇದರಿಂದ ತೊಂದರೆ ಕಾಣದು. ಗೆಜ್ಜೆ ಕಟ್ಟಿದ ಕಾಲು ನೋಡುವಾಗ ನಷ್ಟ ಗೊತ್ತಾಗುತ್ತದೆ.

ಬಿಡಿಸುವ ತಂತ್ರಾಂಶಗಳು ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿವೆ. ಹತ್ತು ವರ್ಷದ ನಂತರ ಇನ್ನೂ ಒಳ್ಳೆಯದು ಬರಬಹುದು. ಆದ್ದರಿಂದ ಕಾಪಿಡುವ ಪ್ರತಿಯಲ್ಲಿ ಫೀಲ್ಡುಗಳನ್ನು ಬಿಡಿಸಲೇಬಾರದು, ಹೆಣೆದಂತೆಯೇ ಇರಲಿ. ನೋಡುವ ಪ್ರತಿಯಲ್ಲಿ ಬಿಡಿಸಿ, ಸಾಧ್ಯವಾದರೆ 50 ಫ್ರೇಮಿಗೇ ಬಿಡಿಸಿ. ಫೀಲ್ಡುಗಳ ಸರದಿಯನ್ನೂ ನೋಡಿಕೊಳ್ಳಬೇಕು. ಮಿನಿ ಡಿವಿ ಎಂಬ ಡಿಜಿಟಲ್ ಟೇಪಿನ ಫೈಲಿನಲ್ಲಿ ಕೆಳಗಿನ ಫೀಲ್ಡು ಮೊದಲು. ಟೇಪಿನಿಂದ ಹಿಡಿಯುವ ಕಾರ್ಡುಗಳಲ್ಲಿಯೂ ಡಿವಿಡಿಗಳಲ್ಲಿಯೂ ಸಾಮಾನ್ಯವಾಗಿ ಮೇಲಿನದು ಮೊದಲು. ಸರದಿ ತಪ್ಪಿಸಿ ಬಿಡಿಸಿದರೆ ನಡೆಯುವವರು ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ನಡುಗುತ್ತಾ ಹೋಗುತ್ತಾರೆ.

720 ಎಂಬ ಸಂಖ್ಯೆ

ಕ್ಯಾಸೆಟ್ಟಿನ ಸಾಲುಗಳು ಎಣಿಕೆಗೆ ಸಿಗುತ್ತವೆ, ಆದರೆ ಸಾಲಿನ ಉದ್ದಕ್ಕೂ ಇರುವುದು ಏರಿಳಿಯುವ ಅಲೆ. ಅಲ್ಲಿ ಪಿಕ್ಸೆಲ್ ಎಂಬುದಿಲ್ಲ. ಆ ಅಲೆಯನ್ನು ಎಷ್ಟು ತುಂಡಾಗಿ ಅಳೆಯಬೇಕು ಎಂದು ಜಗತ್ತಿನ ಪ್ರಸಾರ ತಂತ್ರಜ್ಞರು 1982ರಲ್ಲಿ ಒಪ್ಪಂದಕ್ಕೆ ಬಂದರು. ಸಿಸಿಐಆರ್ 601 ಎಂಬ ಹೆಸರಿನ ಆ ನಿಯಮ ಈಗ ಬಿಟಿ.601 ಎನಿಸಿಕೊಂಡಿದೆ. ಸೆಕೆಂಡಿಗೆ 1.35 ಕೋಟಿ ಸಲ ಅಳೆಯಬೇಕು ಎಂದು ಅದು ಹೇಳಿತು. ಭಾರತ, ಯುರೋಪಿನ 625 ಸಾಲಿಗೂ ಅಮೆರಿಕ, ಜಪಾನಿನ 525 ಸಾಲಿಗೂ ಒಂದೇ ವೇಗ. ಎರಡರಲ್ಲಿಯೂ ಒಂದು ಸಾಲಿಗೆ 720 ಪಿಕ್ಸೆಲ್. ನಮ್ಮ 720×576 ಹುಟ್ಟಿದ್ದು ಹೀಗೆ. ಅಮೆರಿಕದ ಎನ್‌ಟಿಎಸ್‌ಸಿಯದು 720×480, ಸೆಕೆಂಡಿಗೆ 29.97 ಫ್ರೇಮು.

720ರ ಎರಡೂ ಅಂಚಿನಲ್ಲಿ ಸ್ವಲ್ಪ ಜಾಗ ಹೆಚ್ಚುವರಿ. ನಿಜವಾದ ಚಿತ್ರ ಸುಮಾರು ನಡುವಿನ 704 ಪಿಕ್ಸೆಲಿನಲ್ಲಿ ಇರುತ್ತದೆ. ಹಾಗಾಗಿ ಹಿಡಿದ ಫೈಲಿನ ಪಕ್ಕಗಳಲ್ಲಿ ಕಪ್ಪು ಪಟ್ಟಿ ಕಂಡರೆ ಗಾಬರಿ ಬೇಡ. ಕೆಳಗಡೆ ಕೆಲವು ಸಾಲು ಹರಿದಂತೆ ಅಲುಗುವುದೂ ವಿಎಚ್‌ಎಸ್‌ನ ಸಹಜ ಗುಣ. ಅದು ವಿಸಿಆರ್ ಒಳಗೆ ಒಂದು ಹೆಡ್ಡಿನಿಂದ ಇನ್ನೊಂದಕ್ಕೆ ದಾಟುವ ಜಾಗ. ಹಳೆಯ ಟಿವಿಯ ಚೌಕಟ್ಟು ಅದನ್ನು ಮುಚ್ಚಿಕೊಳ್ಳುತ್ತಿತ್ತು. ಕಾಪಿಡುವ ಪ್ರತಿಯಲ್ಲಿ ಇದನ್ನೂ ಕತ್ತರಿಸಬಾರದು.

ವಿಎಚ್‌ಎಸ್ ಟೇಪು ಅಡ್ಡಲಾಗಿ ಹಿಡಿಯುವ ವಿವರ ಸುಮಾರು 240 ಗೆರೆ ಮಾತ್ರ. ಹಾಗಿದ್ದ ಮೇಲೆ 720 ಯಾಕೆ, 352 ಸಾಲದೇ ಎಂದು ಕೇಳುವವರ ಮಾತಿನಲ್ಲಿ ಅರ್ಧ ನ್ಯಾಯವಿದೆ. ಅಗಲದಲ್ಲಿ ಕಡಿಮೆ ಮಾಡಿದರೆ ನಷ್ಟ ಸಣ್ಣದು. ಎತ್ತರದಲ್ಲಿ ಮಾತ್ರ ರಾಜಿ ಸಲ್ಲದು. 576 ಸಾಲುಗಳಲ್ಲಿ ಪ್ರತಿಯೊಂದೂ ಟೇಪಿನ ಮೇಲೆ ನಿಜವಾಗಿ ಬರೆದ ಸಾಲು; 288ಕ್ಕೆ ಇಳಿಸಿದ ಕೂಡಲೇ ಎರಡು ಫೀಲ್ಡುಗಳಲ್ಲಿ ಒಂದು ಹೋಗುತ್ತದೆ, ಇಲ್ಲವೇ ಎರಡೂ ಕಲಸಿಹೋಗುತ್ತವೆ. ಇಂದಿನ ಹಾರ್ಡ್‌ಡಿಸ್ಕಿಗೆ 720 ಭಾರವಲ್ಲ, ಎಲ್ಲ ಉಪಕರಣಗಳೂ ಅದನ್ನು ಬಲ್ಲವು. 720×576ರಲ್ಲೇ ಹಿಡಿಯಿರಿ.

ಅಜ್ಜಿಯ ಮುಖ ಅಗಲವಾದದ್ದು

720ನ್ನು 576ರಿಂದ ಭಾಗಿಸಿದರೆ 5ಕ್ಕೆ 4ರ ಅನುಪಾತ ಬರುತ್ತದೆ. ಆದರೆ ಹಳೆಯ ಟಿವಿ 4ಕ್ಕೆ 3. ವ್ಯತ್ಯಾಸ ಯಾಕೆಂದರೆ ಈ ಪಿಕ್ಸೆಲ್ಲುಗಳು ಸರಿಚೌಕವಲ್ಲ, ಎತ್ತರಕ್ಕಿಂತ ಅಗಲ ಕೊಂಚ ಹೆಚ್ಚು: 12ಕ್ಕೆ 11. ಫೈಲಿನೊಳಗೆ ಈ ಅನುಪಾತದ ಗುರುತು ಬರೆದಿದ್ದರೆ ನೋಡುವ ತಂತ್ರಾಂಶ ಚಿತ್ರವನ್ನು ಸರಿಯಾಗಿ ಹಿಗ್ಗಿಸುತ್ತದೆ. ಗುರುತು ಇಲ್ಲದಿದ್ದರೆ ಎಲ್ಲರೂ ಸಣಕಲಾಗಿ ಕಾಣುತ್ತಾರೆ.

ಇದಕ್ಕೆ ತದ್ವಿರುದ್ಧವಾದ ತಪ್ಪೇ ಹೆಚ್ಚು ಕಾಣುವುದು. ಅಂಗಡಿಗೆ ಹೋದರೆ “ಎಚ್‌ಡಿ ಮಾಡಿಕೊಡ್ತೀವಿ ಬಿಡ್ರಿ ಯಜಮಾನ್ರೇ” ಎನ್ನುತ್ತಾರೆ. ವಿಸಿಆರ್‌ನ ಹಳದಿ, ಕೆಂಪು, ಬಿಳಿ ವೈರುಗಳನ್ನು ಸಣ್ಣ ಡಬ್ಬಿಯೊಂದಕ್ಕೆ ಸಿಕ್ಕಿಸಿದರೆ ಅದು ಎಚ್‌ಡಿಎಂಐ ಆಗಿ 1920×1080 ಚಿತ್ರ ಕೊಡುತ್ತದೆ. ಅಗ್ಗದ ಡಬ್ಬಿಗಳು 4:3 ಚಿತ್ರವನ್ನು 16:9ರ ಪರದೆ ತುಂಬಲು ಎಳೆಯುತ್ತವೆ. ಅಗಲ ಮೂರನೇ ಒಂದು ಪಾಲು ಹಿಗ್ಗುತ್ತದೆ. ಫೀಲ್ಡುಗಳನ್ನು ಒರಟಾಗಿ ಕಲಸುತ್ತವೆ. ಎಷ್ಟೋ ಡಬ್ಬಿಗಳು ನಮ್ಮ 50ರ ಓಟವನ್ನು 60ಕ್ಕೆ ಬದಲಿಸುವುದರಿಂದ ತೇರು ಎಳೆಯುವ ದೃಶ್ಯ ತಡವರಿಸುತ್ತದೆ. ಸಂಖ್ಯೆ ದೊಡ್ಡದಾಯಿತು, ವಿವರ ಒಂದು ಚೂರೂ ಹೆಚ್ಚಲಿಲ್ಲ. ಈ ಹಾನಿಯನ್ನು ಆಮೇಲೆ ಬಿಡಿಸಲು ಬಾರದು.

ಅಳತೆ ಸರಿಯಿದೆಯೇ ಎಂದು ನೋಡಲು ಯಂತ್ರ ಬೇಡ. ಕ್ಯಾಮೆರಾಗೆ ನೇರವಾಗಿ ಕಾಣುವ ತೇರಿನ ಗಾಲಿಯಿರುವ ಕಡೆ ಚಿತ್ರ ನಿಲ್ಲಿಸಿ, ಪರದೆಯ ಮೇಲೆ ಸ್ಕೇಲು ಇಟ್ಟು ಅಡ್ಡಕ್ಕೂ ಉದ್ದಕ್ಕೂ ಅಳೆಯಿರಿ. ಎರಡೂ ಸಮವಿದ್ದರೆ ಅಳತೆ ಸರಿ. 2000ದ ನಂತರದ ಕೆಲವು ಕ್ಯಾಮೆರಾಗಳು ಅಗಲ ಪರದೆಯ ಚಿತ್ರವನ್ನೂ ಇದೇ 720×576ರೊಳಗೆ ಅಡಕಿಸುತ್ತಿದ್ದವು. ಅಂಥದ್ದನ್ನು ಮಾತ್ರ 16:9 ಎಂದು ಗುರುತು ಹಾಕಿ 1024×576ರ ಆಕಾರದಲ್ಲಿ ನೋಡಬೇಕು.

ನೋಡುವ ಪ್ರತಿಗೆ ಸುಲಭದ ಲೆಕ್ಕ ಇದು. ಪಕ್ಕದ ಎಂಟೆಂಟು ಪಿಕ್ಸೆಲ್ ತೆಗೆದು 704×576 ಮಾಡಿ, ಅದನ್ನು 768×576ಕ್ಕೆ ಹಿಗ್ಗಿಸಿ. ಈಗ ಪಿಕ್ಸೆಲ್ ಸರಿಚೌಕ, ಯಾವ ಮೊಬೈಲಿನಲ್ಲಿಯೂ ಮುಖ ಮುಖದಂತೆಯೇ ಇರುತ್ತದೆ. ಯೂಟ್ಯೂಬಿಗೆ ಹಾಕುವುದಾದರೆ 960×720 ಅಥವಾ 1440×1080ಕ್ಕೆ ಹಿಗ್ಗಿಸಿ ಹಾಕುವುದು ಮೇಲು, ಏಕೆಂದರೆ 720 ಸಾಲಿಗಿಂತ ಕಡಿಮೆಯ ಚಿತ್ರಕ್ಕೆ ಅದು 50 ಫ್ರೇಮಿನ ಓಟ ಕೊಡುವುದಿಲ್ಲ. ಪಕ್ಕದಲ್ಲಿ ಕಪ್ಪು ಪಟ್ಟಿ ಬರುತ್ತದೆ, ಬರಲಿ. ಅದನ್ನು ತುಂಬಲು ಹೋಗಿ ಯಾರ ಮುಖವನ್ನೂ ಎಳೆಯಬೇಡಿ.

ವಿಸಿಡಿ ಕಲಿಸಿದ ಪಾಠ

ಈ ಎಚ್ಚರ ಯಾಕೆ ಬೇಕು ಎಂಬುದಕ್ಕೆ ನಮ್ಮ ಕಣ್ಣೆದುರೇ ಸಾಕ್ಷಿಯಿದೆ. 2000ದ ಆಸುಪಾಸಿನಲ್ಲಿ ವಿಸಿಡಿ ಬಂದಾಗ ಬಹಳ ಮನೆಗಳವರು ಮದುವೆ ಕ್ಯಾಸೆಟ್ಟನ್ನು ವಿಸಿಡಿಗೆ ಹಾಕಿಸಿದರು. ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಡಿಸ್ಕು. ಜಾಗ ಉಳಿಯಿತು ಎಂದು ಕ್ಯಾಸೆಟ್ಟನ್ನು ಎಸೆದವರೂ ಇದ್ದರು.

ವಿಸಿಡಿ 1993ರ ನಿಯಮ. ಒಂದು ಸಿ.ಡಿ.ಯಲ್ಲಿ 74 ನಿಮಿಷದ ಚಿತ್ರ ಹಿಡಿಸಲು ಮಾಡಿದ್ದು. ಪಾಲ್ ವಿಸಿಡಿಯ ಅಳತೆ 352×288. ಫ್ರೇಮಿಗೆ 1,01,376 ಪಿಕ್ಸೆಲ್, 720×576ರಲ್ಲಿ 4,14,720. ಸುಮಾರು ಕಾಲು ಭಾಗ. ಫೀಲ್ಡುಗಳಿಗೆ ಅಲ್ಲಿ ಜಾಗವೇ ಇಲ್ಲ, ಸೆಕೆಂಡಿಗೆ 25 ಚಿತ್ರ ಅಷ್ಟೆ. ಚಿತ್ರಕ್ಕೆ ಮೀಸಲಿಟ್ಟ ದತ್ತಾಂಶ ಸೆಕೆಂಡಿಗೆ 1.15 ಮೆಗಾಬಿಟ್. ಇದರಲ್ಲಿ ವಿಎಚ್‌ಎಸ್ ಟೇಪಿನ ಮರಳು ಮರಳಾದ ಚಿತ್ರವನ್ನು ತುರುಕಿದಾಗ ಮುಖಗಳು ಚೌಕ ಚೌಕವಾದವು. ಆ ಡಿಸ್ಕು ಮಾತ್ರ ಉಳಿದಿರುವ ಮನೆಯವರಿಗೆ ಅವತ್ತಿನ ಚಿತ್ರದ ಕಾಲು ಭಾಗವಷ್ಟೇ ಗತಿ. ಯಾರೂ ಮೋಸ ಮಾಡಲಿಲ್ಲ; ಆ ಕಾಲಕ್ಕೆ ಸಿಕ್ಕ ತಂತ್ರವನ್ನು ಎಲ್ಲರೂ ನಂಬಿದರು. ಇಂದು ಅದೇ ನಂಬಿಕೆಯಿಂದ ಎಳೆದ ಎಚ್‌ಡಿ ಫೈಲನ್ನು ಮನೆಗೆ ತಂದರೆ ಮುಂದಿನ ತಲೆಮಾರಿಗೂ ಅದೇ ಗತಿ.

ವಿಸಿಡಿ, ಡಿವಿಡಿ ಮಾತ್ರ ಉಳಿದಿದ್ದರೆ ಅವನ್ನೂ ಕಡೆಗಣಿಸಬೇಡಿ. ಹೀಗೆ ಬರೆಸಿದ ಡಿಸ್ಕುಗಳೂ ಹಾಳಾಗುತ್ತವೆ. ವಿಸಿಡಿಯೊಳಗಿನ ಡ್ಯಾಟ್ ಫೈಲು, ಡಿವಿಡಿಯೊಳಗಿನ ವಿಒಬಿ ಫೈಲುಗಳನ್ನು ಇದ್ದ ಹಾಗೇ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ. ಮತ್ತೊಂದು ಕೋಡೆಕ್‌ಗೆ ಬದಲಿಸಿದರೆ ಇರುವುದರಲ್ಲೂ ಸ್ವಲ್ಪ ಸೋರಿಹೋಗುತ್ತದೆ.

ಯಾವ ಕೋಡೆಕ್?

ಎಂಪಿ4, ಎವಿಐ, ಎಂಕೆವಿ ಎಂಬವು ಕೋಡೆಕ್‌ಗಳ ಹೆಸರಲ್ಲ, ಫೈಲಿನ ಹೊದಿಕೆಯ ಹೆಸರು. ಭೀಮಸಮುದ್ರದ ಮಂಡಿಯಲ್ಲಿ ಮೂಟೆಯ ಚೀಲ ನೋಡಿ ಒಳಗಿರುವುದು ರಾಶಿಯೋ ಬೆಟ್ಟೆಯೋ ಗೊರಬಲೋ ಎಂದು ಯಾರೂ ದರ ಕಟ್ಟುವುದಿಲ್ಲ, ಚೀಲ ಬಿಚ್ಚಿಸಿ ನೋಡುತ್ತಾರೆ. ಫೈಲನ್ನೂ ಹಾಗೆಯೇ ಬಿಚ್ಚಿ ಕೇಳಬೇಕು: ಒಳಗೆ ಯಾವ ಕೋಡೆಕ್ ಇದೆ, ಎಷ್ಟು ಬಿಟ್‌ರೇಟಿನಲ್ಲಿ (ಸೆಕೆಂಡಿಗೆ ಎಷ್ಟು ದತ್ತಾಂಶ) ಇದೆ?

720×576ರ ಚಿತ್ರವನ್ನು ಏನೂ ಅಡಕ ಮಾಡದೆ ಇಟ್ಟರೆ ಗಂಟೆಗೆ ಸುಮಾರು 75 ಗಿಗಾಬೈಟ್ ಬೇಕು. ಇದನ್ನು ಕುಗ್ಗಿಸುವ ಉಪಾಯಗಳು ಎರಡು ಬಗೆ. ಒಂದು, ಏನನ್ನೂ ಬಿಡದೆ ಮಡಚಿಡುವುದು. ಬಿಚ್ಚಿದಾಗ ಒಂದು ಬಿಟ್ಟೂ ವ್ಯತ್ಯಾಸವಿಲ್ಲದೆ ಮೊದಲಿನ ಚಿತ್ರವೇ ಸಿಗುತ್ತದೆ. ಎಫ್‌ಎಫ್‌ವಿ1, ಹಫ್‌ವೈಯುವಿ ಈ ಬಗೆಯವು. ಎಫ್‌ಎಫ್‌ವಿ1 ಉಚಿತ, ಮುಕ್ತ. 2021ರಲ್ಲಿ ಅದರ ನಿಯಮಾವಳಿ ಅಂತರ್ಜಾಲದ ಅಧಿಕೃತ ದಾಖಲೆಯಾಗಿ ಪ್ರಕಟವಾಯಿತು. ಯಾವ ಕಂಪನಿ ಮುಚ್ಚಿದರೂ ಅದನ್ನು ತೆರೆಯುವ ದಾರಿ ಮುಚ್ಚುವುದಿಲ್ಲ. ಅದರಿಂದಲೇ ಜಗತ್ತಿನ ಹಲವು ಸಂಗ್ರಹಾಲಯಗಳು ಅದನ್ನು ನೆಚ್ಚಿಕೊಂಡಿವೆ. ಇದರಲ್ಲಿ ಜಾಗ ಸುಮಾರು ಅರ್ಧಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಮೂರು ಗಂಟೆಯ ಹತ್ತು ಕ್ಯಾಸೆಟ್ಟುಗಳಿರುವ ಮನೆಗೆ 1 ಟೆರಾಬೈಟಿನ ಆಸುಪಾಸು. ಮದುವೆಯೊಂದರ ಖರ್ಚಿನ ಮುಂದೆ ಆ ಹಾರ್ಡ್‌ಡಿಸ್ಕಿನ ಬೆಲೆ ಲೆಕ್ಕಕ್ಕೇ ಬಾರದು.

ಇನ್ನೊಂದು ಬಗೆ, ಕಣ್ಣಿಗೆ ಅಷ್ಟಾಗಿ ಕಾಣದ್ದನ್ನು ಬಿಟ್ಟು ಕುಗ್ಗಿಸುವುದು. ಮಿನಿ ಡಿವಿ ಟೇಪಿನ ಡಿವಿ ಕೋಡೆಕ್ ಪ್ರತಿ ಫ್ರೇಮನ್ನೂ ಬೇರೆ ಬೇರೆಯಾಗಿ ಐದನೇ ಒಂದು ಭಾಗಕ್ಕೆ ಕುಗ್ಗಿಸುತ್ತದೆ, ಗಂಟೆಗೆ 13 ಗಿಗಾಬೈಟ್. ಡಿವಿಡಿಯ ಎಂಪೆಗ್-2 ಮತ್ತು 2003ರಲ್ಲಿ ಬಂದ ಎಚ್.264 ಹಿಂದಿನ ಮುಂದಿನ ಫ್ರೇಮುಗಳನ್ನು ಹೋಲಿಸಿ, ಬದಲಾದದ್ದನ್ನು ಮಾತ್ರ ಬರೆಯುತ್ತವೆ. ಕ್ಯಾಸೆಟ್ಟಿನ ಚಿತ್ರಕ್ಕೆ ತೊಡಕು ಹುಟ್ಟುವುದು ಇಲ್ಲಿಯೇ. ಟೇಪಿನ ಮರಳು ಪ್ರತಿ ಫ್ರೇಮಿನಲ್ಲೂ ಬದಲಾಗುತ್ತದೆ. ಕೋಡೆಕ್‌ಗೆ ಅದೂ ಚಲನೆಯಂತೆಯೇ ತೋರಿ, ಬಿಟ್ಟುಗಳನ್ನು ಅದಕ್ಕೇ ಸುರಿಯುತ್ತದೆ; ಮುಖಕ್ಕೆ ಉಳಿಯುವುದು ಕಡಿಮೆ. ಹೊಸ ಮೊಬೈಲಿನ ಶುಭ್ರ ಚಿತ್ರಕ್ಕೆ ಸಾಲುವ ಬಿಟ್‌ರೇಟ್ ಅಷ್ಟೇ ಅಳತೆಯ ಹಳೆಯ ಟೇಪಿಗೆ ಸಾಲದು.

ಹಾಗಾಗಿ ಕಾಪಿಡುವ ಪ್ರತಿಗೆ ಎಂಕೆವಿ ಹೊದಿಕೆಯಲ್ಲಿ ಎಫ್‌ಎಫ್‌ವಿ1, ಬಣ್ಣ 4:2:2, ಶಬ್ದ ಅಡಕ ಮಾಡದ ಪಿಸಿಎಂ 48 ಕಿಲೋಹರ್ಟ್ಸ್. ಅಷ್ಟು ಅನುಕೂಲವಿಲ್ಲದ ಅಂಗಡಿಯಾದರೆ ಡಿವಿ. ಅದೂ ಇಲ್ಲದಿದ್ದರೆ, ಹಳೆಯ ಡಿವಿಡಿ ರೆಕಾರ್ಡರಿನಲ್ಲಿ ಒಂದು ಡಿಸ್ಕಿಗೆ ಒಂದೇ ಗಂಟೆ ಹಿಡಿಯುವ ಉನ್ನತ ದರ್ಜೆಯ ಎಂಪೆಗ್-2. ನೋಡುವ ಪ್ರತಿಗೆ ಎಂಪಿ4 ಹೊದಿಕೆಯಲ್ಲಿ ಎಚ್.264, ಗುಣಮಟ್ಟದ ಸೂಚ್ಯಂಕ ಸಿಆರ್‌ಎಫ್ 18ರ ಸುತ್ತಮುತ್ತ. 2013ರ ಎಚ್.265, 2018ರ ಎವಿ1 ಇನ್ನೂ ಚಿಕ್ಕ ಫೈಲು ಕೊಡುತ್ತವೆ, ಆದರೆ ಹಳ್ಳಿಯ ಮನೆಯ ಹಳೆಯ ಟಿವಿ, ಹಳೆಯ ಮೊಬೈಲು ಎರಡರಲ್ಲೂ ತಕರಾರಿಲ್ಲದೆ ಓಡುವುದು ಎಚ್.264.

ಬೆಳಕಿನ ಮಟ್ಟವನ್ನೂ ಮರೆಯಬಾರದು. ಡಿಜಿಟಲ್ ನಿಯಮದಲ್ಲಿ ಕಪ್ಪು 16, ಬಿಳಿ 235. ಸನ್‌ಗನ್ ಬೆಳಕಿನಲ್ಲಿ ಮದುಮಗನ ಬಿಳಿ ಪಂಚೆ, ಶಲ್ಯ ಆ ಗಡಿ ದಾಟಿ ಹೋಗಿರುತ್ತವೆ. ಹಿಡಿಯುವಾಗ ಬೆಳಕು ತಗ್ಗಿಸಿಕೊಳ್ಳದಿದ್ದರೆ ಶಲ್ಯದ ಮಡಿಕೆ, ಅಂಚು ಎಲ್ಲವೂ ಬರೀ ಬಿಳಿಯಾಗಿ ಕರಗುತ್ತವೆ. ಹೀಗೆ ಕರಗಿದ್ದನ್ನು ಯಾವ ತಂತ್ರಾಂಶವೂ ಮರಳಿಸದು.

ಕೃತಕ ಬುದ್ಧಿಮತ್ತೆಯಿಂದ ಹಳೆಯ ವಿಡಿಯೊವನ್ನು 4ಕೆ ಮಾಡಿಕೊಡುವವರು ಈಗ ಬಂದಿದ್ದಾರೆ. ಆ ತಂತ್ರಾಂಶಗಳು ಮಸುಕು ಮುಖದ ಜಾಗದಲ್ಲಿ ತಾವು ಕಲಿತ ಸಾವಿರಾರು ಮುಖಗಳ ಆಧಾರದಿಂದ ಊಹಿಸಿ ಕಣ್ಣು ಮೂಗು ಬರೆಯುತ್ತವೆ. ನೋಡಲು ಚೆಂದ, ಆದರೆ ಆ ಕಣ್ಣು ನಿಮ್ಮ ಅಜ್ಜನದಲ್ಲ. ಆಸೆಯಿದ್ದರೆ ಬೇರೊಂದು ಪ್ರತಿ ಮಾಡಿಸಿಕೊಳ್ಳಿ, ಮೂಲದ ಪ್ರತಿ ಭದ್ರವಾದ ಮೇಲೆ.

ಮಿನಿ ಡಿವಿ, ಅಮೆರಿಕದ ಟೇಪು

ಹೊಳಲ್ಕೆರೆ, ಹೊಸದುರ್ಗದಿಂದ ಬೆಂಗಳೂರು ದಾಟಿ ಅಮೆರಿಕ ಸೇರಿದ ಮಕ್ಕಳು 1990ರ ದಶಕದಲ್ಲಿ ಅಲ್ಲಿಂದ ಕಳಿಸಿದ ಕ್ಯಾಸೆಟ್ಟುಗಳು ಎನ್‌ಟಿಎಸ್‌ಸಿ. ಪಾಲ್ ಮಾತ್ರ ಬಲ್ಲ ವಿಸಿಆರ್‌ಗೆ ಹಾಕಿದರೆ ಬಣ್ಣ ಹೋಗುತ್ತದೆ, ಚಿತ್ರ ಉರುಳುತ್ತದೆ. ಹಲವು ಪದ್ಧತಿ ಬಲ್ಲ ವಿಸಿಆರ್ ಹುಡುಕಿ, ಅದನ್ನು 720×480, 29.97ರಲ್ಲೇ ಹಿಡಿಯಬೇಕು. ಪಾಲ್‌ಗೆ ಬದಲಿಸಿ ಇಡುವುದು ಬೇಡ.

1995ರಲ್ಲಿ ಬಂದ ಮಿನಿ ಡಿವಿ ಟೇಪಿನ ಮೇಲೆ ಇರುವುದೇ ಡಿಜಿಟಲ್ ಅಂಕಿಗಳು. ಇಲ್ಲಿ ಅಳತೆ, ಕೋಡೆಕ್ ಎರಡನ್ನೂ ನಾವು ಆಯಬೇಕಿಲ್ಲ, ಕ್ಯಾಮೆರಾ ಆಗಲೇ ಆಯ್ದಿದೆ. ಫೈರ್‌ವೈರ್ ಕೇಬಲ್ಲಿನಿಂದ ಆ ಅಂಕಿಗಳನ್ನೇ ಕಂಪ್ಯೂಟರಿಗೆ ಇಳಿಸಿದರೆ ನಷ್ಟವೇ ಇಲ್ಲದ ನಕಲು. ಹಳದಿ ವೈರಿನಿಂದ ಹಿಡಿದು ಮತ್ತೆ ಎಂಪಿ4 ಮಾಡುವುದು ಕೈಯಲ್ಲಿದ್ದ ಮೂಲವನ್ನು ಬಿಟ್ಟು ನೆರಳನ್ನು ಹಿಡಿದಂತೆ. ಫೈರ್‌ವೈರ್ ಇರುವ ಹಳೆಯ ಕಂಪ್ಯೂಟರು ಸ್ಟುಡಿಯೊದ ಮೂಲೆಯಲ್ಲಿ ಕಂಡರೆ ಅದನ್ನು ಮಾರದಂತೆ ಹೇಳಿ.

ಯಂತ್ರ ಮೊದಲು ಸಾಯುತ್ತದೆ

ಟೇಪಿಗಿಂತ ದೊಡ್ಡ ಚಿಂತೆ ವಿಸಿಆರ್‌ನದು. ವಿಎಚ್‌ಎಸ್ ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ಕೈಬಿಟ್ಟಿತು. ಹೊಸ ಹೆಡ್ಡು, ಬೆಲ್ಟು, ರೋಲರು ಸಿಗುವುದು ದಿನದಿಂದ ದಿನಕ್ಕೆ ಕಷ್ಟ. ಯುನೆಸ್ಕೊ 2019ರಲ್ಲಿ ಮ್ಯಾಗ್ನೆಟಿಕ್ ಟೇಪುಗಳ ಬಗ್ಗೆ ಜಗತ್ತಿಗೆ ಎಚ್ಚರಿಕೆ ಕೊಟ್ಟಾಗ ತಜ್ಞರು ಗುರುತಿಸಿದ್ದ ಅಂಚು 2025. ನಾವು ಆ ಅಂಚಿನ ಆಚೆಗಿದ್ದೇವೆ.

ಚಿತ್ರದುರ್ಗದ ಒಣ ಹವೆ ಟೇಪಿಗೆ ಒಂದು ಮಟ್ಟಿಗೆ ಒಳ್ಳೆಯದು, ಮಲೆನಾಡಿನಷ್ಟು ಬೂಷ್ಟು ಹಿಡಿಯುವುದಿಲ್ಲ. ಧೂಳು ನಮ್ಮ ಕಾಟ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಸುರುಳಿಯ ಅಂಚು ಬಿಳಿಯಾಗಿ ಕಂಡರೆ ಅದು ಬೂಷ್ಟು. ಶುಚಿ ಮಾಡದೆ ವಿಸಿಆರ್‌ಗೆ ಹಾಕಿದರೆ ಯಂತ್ರಕ್ಕೂ ಅಂಟಿ ಮುಂದಿನ ಟೇಪಿಗೂ ಹರಡುತ್ತದೆ. ಬೆನ್ನಿನ ರೆಕಾರ್ಡ್ ಚಕ್ಕೆ ಇನ್ನೂ ಇದ್ದರೆ ಮುರಿದುಬಿಡಿ, ತಪ್ಪಿ ಒತ್ತಿದ ಗುಂಡಿಯಿಂದ ಚಿತ್ರ ಅಳಿಯದಿರಲಿ. ಬಹಳ ವರ್ಷದಿಂದ ಮಲಗಿದ ಟೇಪನ್ನು ಒಮ್ಮೆ ಕೊನೆಯವರೆಗೂ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿ, ಆಮೇಲೆ ಹಿಡಿಯಲು ಕೂರಬೇಕು. ಚಿತ್ರದ ತಲೆ ಬಾಗಿ ಬಳುಕುತ್ತಿದ್ದರೆ ಟೈಮ್ ಬೇಸ್ ಕರೆಕ್ಟರ್ ಎಂಬ ಉಪಕರಣ ಬೇಕು. ಕೆಲವು ಹಳೆಯ ಡಿವಿಡಿ ರೆಕಾರ್ಡರುಗಳ ಮೂಲಕ ಹಾಯಿಸಿದರೂ ಬಳುಕು ಎಷ್ಟೋ ನಿಲ್ಲುತ್ತದೆ. ಅದನ್ನು ಸರಿಮಾಡದೆ ಹಿಡಿದಾಗ ಫ್ರೇಮುಗಳು ಉದುರುತ್ತವೆ, ತುಟಿ ಮತ್ತು ದನಿ ಬೇರೆಯಾಗುತ್ತವೆ.

ಅಂಗಡಿಯಲ್ಲಿ ಕೇಳಬೇಕಾದದ್ದು

ಕ್ಯಾಸೆಟ್ಟು ಕೊಡುವ ಮುಂಚೆ ಈ ಪ್ರಶ್ನೆಗಳನ್ನು ಕೇಳಿ:

1. ಯಾವ ಅಳತೆಯಲ್ಲಿ ಹಿಡಿಯುತ್ತೀರಿ? ಪಾಲ್ ಟೇಪಿಗೆ ಉತ್ತರ 720×576 ಇರಬೇಕು.

2. ಫೀಲ್ಡುಗಳನ್ನು ಹಾಗೇ ಇಟ್ಟ ಒಂದು ಪ್ರತಿ ಕೊಡುತ್ತೀರಾ?

3. ಆ ಪ್ರತಿ ಯಾವ ಕೋಡೆಕ್‌ನಲ್ಲಿದೆ? ಮೂರು ಗಂಟೆಯ ಕ್ಯಾಸೆಟ್ಟಿನ ಫೈಲು ಎರಡು ಮೂರು ಗಿಗಾಬೈಟ್ ಮಾತ್ರ ಇದ್ದರೆ ಅದು ನೋಡುವ ಪ್ರತಿ, ಕಾಪಿಡುವ ಪ್ರತಿ ಅಲ್ಲ.

4. ಚಿತ್ರ 4:3ರಲ್ಲೇ ಇರುತ್ತದೆಯೇ?

5. ಹಾಡು ಸೇರಿಸಿ ಮಿಕ್ಸಿಂಗ್ ಮಾಡುವುದಿದ್ದರೆ ಬೇರೆ ಫೈಲಿನಲ್ಲಿ ಮಾಡುತ್ತೀರಾ? ಸೋಬಾನೆಯ ಮೇಲೆ ಸಿನಿಮಾ ಹಾಡು ಕೂರಿಸಿದರೆ ಅಡಿಯ ದನಿ ಮತ್ತೆ ಸಿಗುವುದಿಲ್ಲ.

6. ಕ್ಯಾಸೆಟ್ಟನ್ನು ವಾಪಸು ಕೊಡುತ್ತೀರಲ್ಲವೇ?

ಈ ಕೆಲಸಕ್ಕೆ ಸಮಯ ಹಿಡಿಯುತ್ತದೆ. ಮೂರು ಗಂಟೆಯ ಟೇಪನ್ನು ಮೂರು ಗಂಟೆಯೇ ಓಡಿಸಬೇಕು, ಒಬ್ಬರು ಕೂತು ನೋಡಬೇಕು. ಸರಿಯಾಗಿ ಮಾಡುವ ಸ್ಟುಡಿಯೊದವರು ನಾಲ್ಕು ಕಾಸು ಹೆಚ್ಚು ಕೇಳಿದರೆ ಕೊಡಿ. ತಾವೇ ಮಾಡಿಕೊಳ್ಳಬಲ್ಲ ಹುಡುಗರಿಗೆ ವರ್ಚುವಲ್‌ಡಬ್, ಎಫ್‌ಎಫ್‌ಎಂಪೆಗ್, ವಿಎಲ್‌ಸಿ ಎಲ್ಲವೂ ಉಚಿತವಾಗಿ ಸಿಗುತ್ತವೆ. ಕಾಪಿಡುವ ಪ್ರತಿಯನ್ನು ಎರಡು ಹಾರ್ಡ್‌ಡಿಸ್ಕಿನಲ್ಲಿ, ಎರಡು ಮನೆಯಲ್ಲಿ ಇಡಿ. ಫೈಲಿಗೆ ಊರು, ತಾರೀಕು, ಹಾಡಿದವರ ಹೆಸರು ಬರೆಯಿರಿ. ಗುರುತು ಹಿಡಿಯಬಲ್ಲ ಹಿರಿಯರು ಇರುವಾಗಲೇ ಬರೆಸಿಕೊಳ್ಳಿ.

ರಾಮಗಿರಿ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ಓದುಗರಲ್ಲಿ ಒಂದು ಬಿನ್ನಹ. ಈ ತಿಂಗಳೇ ಬೀರು ತೆಗೆದು ಕ್ಯಾಸೆಟ್ಟುಗಳನ್ನು ಎಣಿಸಿ, ಓಡುವ ವಿಸಿಆರ್ ಊರಲ್ಲಿ ಯಾರ ಮನೆಯಲ್ಲಿದೆ ವಿಚಾರಿಸಿ. ಒಬ್ಬರಲ್ಲಿ ವಿಸಿಆರ್, ಇನ್ನೊಬ್ಬರಲ್ಲಿ ಕಂಪ್ಯೂಟರು, ಮತ್ತೊಬ್ಬರಲ್ಲಿ ಬಿಡುವು ಇದ್ದರೆ ಇಡೀ ಬೀದಿಯ ಟೇಪುಗಳು ಉಳಿಯುತ್ತವೆ. ಮೊದಲು 720×576ರ ಕಾಪಿಡುವ ಪ್ರತಿ ಮಾಡಿಸಿ, ಮಿಕ್ಕಿದ್ದೆಲ್ಲ ಆಮೇಲೆ. ಪ್ರತಿ ಸರಿಯಾಗಿದೆ ಎಂದು ಪೂರ್ತಿ ನೋಡಿ ಖಚಿತವಾಗುವವರೆಗೆ ಯಾವ ಕ್ಯಾಸೆಟ್ಟನ್ನೂ ಎಸೆಯಬೇಡಿ.